ಅಜ್ಜಿಯ ಕೋಳಿಗೊಂದು ಹೆಸರಿತ್ತು

"ಮಗಾ, ಕೋಳಿ ಎಲ್ಲಾ ಮಾರಿಬಿಡ್ತೀನಿ. ನಿಮ್ಮಜ್ಜಿ ಕೈಲಿ ಇನ್ನು ಆಗಲ್ಲ. ನಾನು ಹೇಳಿದ್ರೆ ಕೇಳಲ್ಲ, ನೀನೇ ಒಂದು ಮಾತು ಹೇಳು."

ಮಾವನ ಈ ವಾಯ್ಸ್ ಮೆಸೇಜ್ ಬಂದಾಗ ನಾನು ವೈಟ್‌ಫೀಲ್ಡಿನ ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಕೂತಿದ್ದೆ. ಎರಡು ವರ್ಷದ ಹಿಂದಿನ ಜೂನ್ ತಿಂಗಳು. ಅಜ್ಜಿ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ನಾಲ್ಕು ದಿನ. ಇನ್ನು ಮೂರು ತಿಂಗಳು ವಾಕರ್ ಹಿಡಿದೇ ಓಡಾಡಬೇಕು ಅಂತ ಡಾಕ್ಟರ್ ಹೇಳಿದ್ದರು. ಶನಿವಾರ ಆಸ್ಪತ್ರೆಗೆ ಹೋದರೆ ಅಜ್ಜಿ ಕೇಳಿದ ಮೊದಲ ಪ್ರಶ್ನೆ: "ಸಂಜೆ ಗೂಡಿನ ಬಾಗಿಲು ಯಾರು ಹಾಕ್ತಾವ್ರೆ?"

ಮಾರೋಣ ಅಂತ ಹೇಳಲು ಹೋದವಳು ನಾನು. "ನಾನು ಹಾಕ್ತೀನಿ ಬಿಡಜ್ಜಿ" ಅಂದುಬಿಟ್ಟೆ. ಯಾಕೆ ಹಾಗಂದೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ನನಗಾಗ ಕೋಳಿ ಬಗ್ಗೆ ಗೊತ್ತಿದ್ದದ್ದು ಸಾರಿನ ಮಟ್ಟಕ್ಕೆ ಮಾತ್ರ.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ಗಡಿಯಲ್ಲಿದೆ. ಅರ್ಧ ಊರು ಕನ್ನಡ, ಅರ್ಧ ತೆಲುಗು. ಆಚೆ ಗುಡ್ಡ ಇಳಿದರೆ ಚಿತ್ತೂರು ಜಿಲ್ಲೆ. ನಾನು ಊರಿಗೆ ಹೋಗುವಷ್ಟರಲ್ಲಿ ಇದ್ದ 19 ಕೋಳಿಗಳಲ್ಲಿ 6ನ್ನು ಮಾವ ಆಗಲೇ ಮಾರಿದ್ದರು. ಉಳಿದಿದ್ದು 13.

ಪಟ್ಟಿಯಲ್ಲಿ ಸಿಕ್ಕ ಹೆಸರು

ಅಜ್ಜಿಯ ಕೋಳಿಗಳಿಗೆ ಹೆಸರಿರಲಿಲ್ಲ. ನಾಟಿ ಕೋಳಿ, ಊರ ಕೋಳಿ, ಅಷ್ಟೇ. ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಕೋಲಾರದ ನಾಟಿ ಕೋಳಿ ಅಂತ ಹುಡುಕುತ್ತಾ ಹೋದೆ. ನಮ್ಮ ದೇಶದ ಜಾನುವಾರು, ಕುರಿ, ಕೋಳಿ ತಳಿಗಳನ್ನು ನೋಂದಣಿ ಮಾಡುವ ಸರ್ಕಾರಿ ಸಂಸ್ಥೆ ಹರಿಯಾಣದ ಕರ್ನಾಲ್‌ನಲ್ಲಿದೆ. ಅದರ ಪಟ್ಟಿಯಲ್ಲಿ ಎಲ್ಲರಿಗೂ ಗೊತ್ತಿರುವ ಕಡಕ್‌ನಾಥ್ ಇತ್ತು, ಅಸೀಲ್ ಇತ್ತು, ನಿಕೋಬಾರಿ, ತೆಲಿಚೇರಿ, ಕಾಳಾಸ್ತಿ ಇದ್ದವು. ನಡುವೆ ಒಂದು ಹೆಸರು, ಘಾಗಸ್. ಊರು ಎಲ್ಲಿ ಅಂದರೆ ಆಂಧ್ರ ಮತ್ತು ಕರ್ನಾಟಕ.

ವಿವರ ಓದಿದೆ. ಮಧ್ಯಮ ಗಾತ್ರ, ಹೆಚ್ಚಾಗಿ ಕಂದು ಬಣ್ಣ, ಆಮೇಲೆ ಕಪ್ಪು. ಹುಂಜದ ಕತ್ತಿನಲ್ಲಿ ಹೊನ್ನಿನ ಬಣ್ಣದ ಗರಿ, ಎದೆ ಮತ್ತು ಬಾಲದಲ್ಲಿ ನೀಲಿ ಹೊಳೆಯುವ ಕಪ್ಪು. ಜುಟ್ಟು ಚಿಕ್ಕದು. ಗಂಟಲಿನ ಚರ್ಮ ಸಡಿಲವಾಗಿ ಜೋತುಬಿದ್ದಿರುತ್ತದೆ. ಹೇಂಟೆಗಳು ಚೆನ್ನಾಗಿ ಕಾವು ಕೂರುತ್ತವೆ. ಹಿಂದೆ ಅಲೆಮಾರಿ ಜನ ಇವನ್ನು ಸಾಕುತ್ತಿದ್ದರಂತೆ, ಕೋಲಾರದ ಕಡೆಯೂ.

ಫೋನಿನ ಗ್ಯಾಲರಿ ತೆಗೆದು ಸಂಕ್ರಾಂತಿಗೆ ತೆಗೆದ ಫೋಟೊ ನೋಡಿದೆ. ಅಜ್ಜಿ ರಾಶಿ ಪೂಜೆ ಮಾಡುತ್ತಿದ್ದಾರೆ, ಹಿಂದೆ ಗೋಡೆ ಮೇಲೆ ಹುಂಜ ನಿಂತಿದೆ. ಹೊನ್ನಿನ ಕತ್ತು, ಜೋತುಬಿದ್ದ ಗಂಟಲು. ಬೆಳಿಗ್ಗೆ ಅಜ್ಜಿಯನ್ನು ಕೇಳಿದೆ, ಈ ಕೋಳಿ ನಿಮಗೆಲ್ಲಿ ಸಿಕ್ಕಿದ್ದು ಅಂತ. "ನಮ್ಮಮ್ಮ ತಗೊಂಡಿದ್ದು. ಕತ್ತೆ ಮ್ಯಾಲೆ ಸಾಮಾನು ಹಾಕ್ಕೊಂಡು ಊರೂರು ತಿರುಗೋರು ಬರ್ತಿದ್ರು. ಒಂದು ಸೇರು ರಾಗಿಗೆ ಎರಡು ಮರಿ."

ಆಮೇಲೊಮ್ಮೆ ತಾಲ್ಲೂಕಿನ ಪಶುವೈದ್ಯರಿಗೆ ಹುಂಜವನ್ನು ತೋರಿಸಿದೆ. ಅವರು ಜಾಣರು. "ಲಕ್ಷಣ ಇದೆ. ಆದರೆ ಪರೀಕ್ಷೆ ಮಾಡದೆ ಶುದ್ಧ ಘಾಗಸ್ ಅಂತ ನಾನು ಬರೆದುಕೊಡಲ್ಲ" ಅಂದರು. ನಾನೂ ಅಷ್ಟೇ ಹೇಳುತ್ತೇನೆ. ಮುಂದೆ ಈ ಬರಹದಲ್ಲಿ ಘಾಗಸ್ ಅಂದಾಗೆಲ್ಲ ಘಾಗಸ್ ಲಕ್ಷಣದ ಕೋಳಿ ಅಂತ ಓದಿಕೊಳ್ಳಿ. ಹೈದರಾಬಾದಿನ ಕೇಂದ್ರ ಕೋಳಿ ಸಂಶೋಧನಾ ನಿರ್ದೇಶನಾಲಯದಲ್ಲಿ ಈ ತಳಿಯನ್ನು ಉಳಿಸಿ ಬೆಳೆಸುತ್ತಿದ್ದಾರೆ. ಅಲ್ಲಿರುವುದು ಲೆಕ್ಕ ಬರೆದಿಟ್ಟ ಕೋಳಿಗಳು. ಹಳ್ಳಿಯಲ್ಲಿ ಇರುವುದಕ್ಕೆ ಲೆಕ್ಕವೂ ಇಲ್ಲ, ಹೆಸರೂ ಇಲ್ಲ. ಕಳೆದುಹೋದರೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ.

ಹಾಗಂತ ಯಾರನ್ನು ದೂರೋಣ? ನಮ್ಮ ಕೇರಿಯಲ್ಲಿ ಈಗ ಮನೆಮನೆಗೂ ಇರುವುದು ಗಿರಿರಾಜ, ಇಲ್ಲಾ ಅದರ ಬೆರಕೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ತಳಿ ಅದು. ದಪ್ಪ ಮೈ, ಬೇಗ ತೂಕ. ಅಜ್ಜಿಯ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು, ಗಿರಿರಾಜ ಅದರ ಎರಡು ಪಟ್ಟಿಗೂ ಮೇಲೆ ಇಡುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡದ ಹೆಂಗಸರಿಗೆ ಅದು ಆಸರೆಯಾಗಿದೆ. ನಾನು ಅದನ್ನು ಬೈಯಲಾರೆ. ಆದರೆ ಅದು ಕಾವು ಕೂರುವುದಿಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ. ಮರಿ ಬೇಕೆಂದರೆ ಪ್ರತಿ ಸಲ ದುಡ್ಡು ಕೊಟ್ಟು ತರಬೇಕು. ಅಜ್ಜಿಯ ಹೇಂಟೆ ಕಡಿಮೆ ಮೊಟ್ಟೆ ಇಡುವುದೇ ಕಾವಿನಿಂದಾಗಿ. 12-15 ಮೊಟ್ಟೆ ಇಟ್ಟ ಮೇಲೆ 21 ದಿನ ಕೂರುತ್ತದೆ, ಮತ್ತೆ ಎರಡು ತಿಂಗಳು ಮರಿಗಳ ಹಿಂದೆ ತಿರುಗುತ್ತದೆ. ಮೊಟ್ಟೆ ವ್ಯಾಪಾರಕ್ಕೆ ಇದು ನಷ್ಟ. ತಳಿ ಇಷ್ಟು ವರ್ಷ ಯಾರ ಸಹಾಯವೂ ಇಲ್ಲದೆ ಬದುಕಿದ್ದು ಮಾತ್ರ ಇದೇ ನಷ್ಟದಿಂದ.

ಬಲೆ ಕಟ್ಟಿದೆ, ಬಿಚ್ಚಿದೆ

ಆಗಸ್ಟಿಗೆ ನನಗೆ ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು. ಊರಿಗೆ ಬಂದವಳೇ ಮಾಡಿದ ಮೊದಲ ಕೆಲಸ, 14 ಸಾವಿರ ರೂಪಾಯಿ ಖರ್ಚು ಮಾಡಿ ಹಿತ್ತಲಲ್ಲಿ ಕಂಬ ನೆಟ್ಟು ಬಲೆ ಕಟ್ಟಿಸಿದ್ದು. ಪಕ್ಕದ ಮನೆಯ ಬೆರಕೆ ಹುಂಜ ನಮ್ಮ ಹೇಂಟೆಗಳ ಹತ್ತಿರ ಬರಬಾರದು, ತಳಿ ಶುದ್ಧವಾಗಿ ಉಳಿಯಬೇಕು. ಎಕ್ಸೆಲ್ ಶೀಟ್ ಕೂಡ ಮಾಡಿದ್ದೆ. ನಗಬೇಡಿ.

ಒಂದು ತಿಂಗಳಲ್ಲಿ ಬಲೆಯೊಳಗಿನ ನೆಲ ಬೋಳಾಯಿತು. ಕೆದಕಲು ಏನೂ ಇಲ್ಲದೆ ಒಂದರ ಗರಿಯನ್ನು ಇನ್ನೊಂದು ಕಿತ್ತವು. ಮೈತುಂಬ ಹೇನು. ಮೊಟ್ಟೆ ಕಮ್ಮಿಯಾಯಿತು. ಹಗುರ ಮೈಯ ಎರಡು ಹೇಂಟೆಗಳು ಬಲೆ ಹಾರಿ ಹಲಸಿನ ಮರ ಹತ್ತಿದವು. ಅಜ್ಜಿ ವಾಕರ್ ಹಿಡಿದು ಹಿತ್ತಲ ಬಾಗಿಲಿಗೆ ಬಂದು ನೋಡಿದರು. "ಜೈಲಲ್ಲಿ ಇಟ್ಟಂಗೆ ಇಟ್ಟಿದೀಯಲ್ಲೇ. ಕೆದಕದೆ ಇದ್ರೆ ಅದು ಕೋಳೀನಾ?"

ಬಲೆ ಬಿಚ್ಚಿದೆ. ವಾರದೊಳಗೆ ಅವುಗಳ ಕಣ್ಣಲ್ಲಿ ಹೊಳಪು ಬಂತು. ತಿಪ್ಪೆ, ಹುಣಸೆ ಮರದ ಬುಡ, ಟೊಮೆಟೊ ತೋಟದ ಬದು ಎಲ್ಲಾ ತಿರುಗಿ ಸಂಜೆ ಆರಕ್ಕೆ ತಾವೇ ಗೂಡಿಗೆ ಬಂದವು. ಆದರೆ ಅಕ್ಟೋಬರಿನಲ್ಲಿ ಒಂದು ಹೇಂಟೆ 9 ಮರಿ ಮಾಡಿತು ನೋಡಿ, ದೊಡ್ಡವಾಗುತ್ತಾ ಐದರ ಮೈಯಲ್ಲಿ ಬಿಳಿ ಗರಿ ಬಂತು. ಕಾಲು ದಪ್ಪ. ಪಕ್ಕದ ಮನೆಯ ಹುಂಜ ತನ್ನ ಕೆಲಸ ಮಾಡಿತ್ತು.

ನನ್ನ ಸಮಸ್ಯೆ ಆಗ ಪೂರ್ತಿ ಅರ್ಥವಾಯಿತು. ಕಟ್ಟಿ ಸಾಕಿದರೆ ಕೋಳಿಯ ಗುಣ ಹೋಗುತ್ತದೆ, ಬಿಟ್ಟು ಸಾಕಿದರೆ ತಳಿ ಹೋಗುತ್ತದೆ.

ಇಲ್ಲಿ ನಾನು ಇನ್ನೊಂದು ದಡ್ಡತನ ಮಾಡಿದೆ. ಶುದ್ಧ ರಕ್ತದ ಕೋಳಿಗಳನ್ನೇ ಹೆಚ್ಚು ಮಾಡಿದರೆ ಬೆರಕೆಯ ಪಾಲು ಕಡಿಮೆಯಾಗುತ್ತದಲ್ಲ ಅಂತ, ಆನ್‌ಲೈನಿನಲ್ಲಿ ಜಾಹೀರಾತು ನೋಡಿ ಎರಡು ತಿಂಗಳ 10 ಮರಿ ತರಿಸಿದೆ. ನೂರಕ್ಕೆ ನೂರು ಘಾಗಸ್ ಅಂತ ಮಾರಿದವನ ಮಾತು. ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಅವನ್ನು ಅದೇ ದಿನ ಸಂಜೆ ನಮ್ಮ ಗೂಡಿಗೆ ಬಿಟ್ಟೆ. ಹೊಸ ಕೋಳಿಯನ್ನು ಕನಿಷ್ಠ ಮೂರು ವಾರ ಬೇರೆ ಇಡಬೇಕು, ಅದಕ್ಕೆ ಕಾಳು ಹಾಕಿದ ಕೈ ತೊಳೆಯದೆ ಹಳೆ ಕೋಳಿ ಹತ್ತಿರ ಹೋಗಬಾರದು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇರುವುದು ನೆಪವಲ್ಲ ಅಂತ ಐದನೇ ದಿನ ತಿಳಿಯಿತು.

ಆ ನಾಲ್ಕು ದಿನ

ಶುಕ್ರವಾರ ಬೆಳಿಗ್ಗೆ ಒಂದು ಹೇಂಟೆ ಗೂಡಿನಿಂದ ಹೊರಗೆ ಬರಲಿಲ್ಲ. ಕಣ್ಣು ಮುಚ್ಚಿ, ರೆಕ್ಕೆ ಇಳಿಬಿಟ್ಟು ನಿಂತಿತ್ತು. ಹಿಕ್ಕೆ ಹಸಿರು, ನೀರು ನೀರು. ಸಂಜೆಗೆ ಇನ್ನೂ ಮೂರು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಶನಿವಾರ ಒಂದು ಮರಿಯ ಕತ್ತು ತಿರುಚಿಕೊಂಡು ಆಕಾಶ ನೋಡಲು ಶುರುಮಾಡಿತು. ಮಾವ ನೋಡಿದವರೇ "ಕೊಕ್ಕರೆ ರೋಗ ಕಣಮ್ಮಾ" ಅಂದರು.

ಕೊಕ್ಕರೆ ರೋಗ ಅಂದರೆ ಪುಸ್ತಕದಲ್ಲಿ ಬರುವ ರಾಣಿಖೇತ್. ಉತ್ತರಾಖಂಡದ ಒಂದು ಊರಿನ ಹೆಸರು ಈ ಕಾಯಿಲೆಗೆ ಅಂಟಿಕೊಂಡಿದೆ. ವೈರಸ್‌ನಿಂದ ಬರುವುದು. ಬಂದ ಮೇಲೆ ಔಷಧಿ ಇಲ್ಲ. ಪಶುವೈದ್ಯರು ಬಂದು ಸತ್ತದ್ದನ್ನು ಕೊಯ್ದು ನೋಡಿ ಅದೇ ಇರಬೇಕು ಅಂದರು. ಹಳ್ಳದಲ್ಲಿ ಆಳವಾಗಿ ಹೂತು ಸುಣ್ಣ ಹಾಕಿ, ಯಾರಿಗೂ ಮಾರಬೇಡಿ, ತಿನ್ನಲೂ ಕೊಡಬೇಡಿ ಅಂತ ಹೇಳಿ ಹೋದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲಸಿಕೆ ಹಾಕ್ಸಿದ್ರಾ?" ನಾನು ತಲೆ ತಗ್ಗಿಸಿದೆ.

ಸೋಮವಾರ ನಮ್ಮ ಟೀಮಿನ ರಿಲೀಸ್ ಇತ್ತು. ಮೈಕ್ ಮ್ಯೂಟ್ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾವನ ಜೊತೆ ಗುಂಡಿ ತೋಡಿದ್ದೇನೆ. ಯಾರೋ ನನ್ನ ಹೆಸರು ಕರೆದು ಆ ಬಗ್ ಮುಚ್ಚಿದೆಯಾ ಅಂತ ಕೇಳಿದರು. ಮುಚ್ಚಿದೆ ಅಂದೆ. ಕೈಯಲ್ಲಿ ಸುಣ್ಣದ ಚೀಲ. ಅಂದು ಬೆಳಿಗ್ಗೆ ಹುಂಜ ಸತ್ತಿತ್ತು. ಗೋಡೆ ಮೇಲಿನ ಹುಂಜ.

ಮಂಗಳವಾರ ಸಂಜೆ ಎಣಿಸಿದೆ. 32ರಲ್ಲಿ ಉಳಿದದ್ದು 4. ಗೂಡಿನಲ್ಲಿ ಎರಡು ಹೇಂಟೆ, ಅದರಲ್ಲೊಂದಕ್ಕೆ ಕತ್ತು ಸೊಟ್ಟ. ಬಿಳಿ ಗರಿಯ ಒಂದು ಬೆರಕೆ ಮರಿ. ನಾಲ್ಕನೆಯದು ಮನೆಯೊಳಗಿತ್ತು.

ಅದರ ಕಥೆ ಹೇಳಬೇಕು. ರೋಗ ಬರುವುದಕ್ಕೆ 6 ದಿನ ಮೊದಲು ಒಂದು ಕಂದು ಹೇಂಟೆ ಕಾವಿಗೆ ಬಂದಿತ್ತು. ಅಜ್ಜಿ ತಮ್ಮ ಮಂಚದ ಪಕ್ಕ, ಹಳೆ ಅಡುಗೆಮನೆಯ ಮೂಲೆಯಲ್ಲಿ ಬಿದಿರು ಬುಟ್ಟಿಗೆ ಮರಳು ಹಾಕಿ, ಮೇಲೆ ಭತ್ತದ ಹುಲ್ಲು ಹಾಸಿ 11 ಮೊಟ್ಟೆ ಇಟ್ಟು ಕೂರಿಸಿದ್ದರು. ಗುಡುಗು ಸಿಡಿಲಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ, ಒಂದು ಒಣಮೆಣಸಿನಕಾಯಿ. ಅದು ಕೆಲಸ ಮಾಡುತ್ತದಾ ಇಲ್ಲವಾ ಅಂತ ನನ್ನನ್ನು ಕೇಳಬೇಡಿ. ಶುಕ್ರವಾರ ಮೊದಲ ಹೇಂಟೆ ಮಂಕಾದ ಸುದ್ದಿ ಕೇಳಿದ ತಕ್ಷಣ ಅಜ್ಜಿ ಹೊಸಲಿಗೆ ವಾಕರ್ ಅಡ್ಡ ಇಟ್ಟು ಕೂತರು. "ಹಿತ್ತಲಿಗೆ ಹೋದೋರು ಯಾರೂ ಒಳಕ್ಕೆ ಬರಬ್ಯಾಡಿ." ಕಾಳು, ನೀರು, ಕೊಳೆ ತೆಗೆಯುವುದು ಎಲ್ಲಾ ಅವರೇ, ಕುಂಟಿಕೊಂಡು. ನನಗೆ ಹೊರಗೆ ಜಗಲಿ ಮೇಲೆ ಊಟ. ಕ್ವಾರಂಟೈನ್ ಅನ್ನುವ ಪದ ಗೊತ್ತಿಲ್ಲದ ಅಜ್ಜಿ ಅದನ್ನು ಸರಿಯಾಗಿ ಮಾಡಿದರು. ಪದ ಗೊತ್ತಿದ್ದ ನಾನು ಮಾಡಲಿಲ್ಲ.

ಹುಂಜ ಹೋಗಿತ್ತು. ಅದರ ಸಂತಾನ ಇನ್ನೆಲ್ಲಾದರೂ ಉಳಿದಿದ್ದರೆ ಆ 11 ಮೊಟ್ಟೆಗಳಲ್ಲಿ ಮಾತ್ರ. ಅದೂ ಪಕ್ಕದ ಮನೆಯ ಹುಂಜದ್ದಾಗಿರದೆ ಇದ್ದರೆ.

ಫೋನಿನ ಟಾರ್ಚು

ರೋಗ ತಣ್ಣಗಾದ ಮೇಲೆ, ಸ್ನಾನ ಮಾಡಿ ಬಟ್ಟೆ ಬದಲಾಯಿಸಿ, ಅಜ್ಜಿಯ ಅಪ್ಪಣೆ ಪಡೆದು ಒಳಗೆ ಹೋದೆ. ಕಾವಿಗೆ ಅಂದಿಗೆ 13ನೇ ದಿನ. ರಾತ್ರಿ ದೀಪ ಆರಿಸಿ, ಫೋನಿನ ಟಾರ್ಚ್ ಮೇಲೆ ಬೆರಳುಗಳಿಂದ ಸಂದು ಮಾಡಿ ಮೊಟ್ಟೆಯನ್ನು ಇಟ್ಟು ನೋಡಿದೆ. ವಾರ ದಾಟಿದ ಮೊಟ್ಟೆಯಲ್ಲಿ ಜೀವ ಇದ್ದರೆ ಕೆಂಪು ನರಗಳು ಜೇಡರ ಬಲೆಯಂತೆ ಕಾಣುತ್ತವೆ. ಇಲ್ಲದಿದ್ದರೆ ಬರೀ ಹಳದಿ ಬೆಳಕು. ಎರಡು ವಾರದ ಹತ್ತಿರ ಅರ್ಧಕ್ಕೂ ಹೆಚ್ಚು ಕಪ್ಪಾಗಿರುತ್ತದೆ. ಮೂರು ಮೊಟ್ಟೆ ಖಾಲಿ. ನಾಲ್ಕನೆಯದರಲ್ಲಿ ಏನೋ ಅಲ್ಲಾಡಿತು. ಅಜ್ಜಿಗೆ ತೋರಿಸಿದೆ. 78 ವರ್ಷದಲ್ಲಿ ನೂರಾರು ಸಲ ಕೋಳಿ ಕೂರಿಸಿದವರು ಮೊಟ್ಟೆಯೊಳಗೆ ನೋಡಿದ್ದು ಅದೇ ಮೊದಲು. "ಅಯ್ಯೋ, ಸಾಕು ಮುಚ್ಚೇ, ಅದಕ್ಕೆ ಕಣ್ಣು ಕುಕ್ಕುತ್ತೆ" ಅಂದರು. ಆಮೇಲೆ ತಾವೇ, "ಇನ್ನೊಂದು ತೋರ್ಸು."

8ರಲ್ಲಿ 7 ಮರಿಯಾದವು. ಒಂದು ಮೊದಲ ರಾತ್ರಿಯೇ ತಾಯಿಯ ಕಾಲಡಿ ಸಿಕ್ಕಿ ಸತ್ತಿತು.

ಇನ್ನು ಲಸಿಕೆ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಒಂದು ಹನಿ, ತಿಂಗಳಿಗೆ ಮತ್ತೊಮ್ಮೆ. ಎರಡು ತಿಂಗಳಾದ ಮೇಲೆ ಆರ್‌ಟುಬಿ ಅನ್ನುವ ಚುಚ್ಚುಮದ್ದು. ನಡುವೆ ಸಿಡುಬಿನದ್ದು. ಕೇಳಲು ಸುಲಭ. ತೊಡಕು ಏನು ಗೊತ್ತಾ? ನಾನು ಹೋದ ಅಂಗಡಿಯಲ್ಲಿ ಸಿಕ್ಕ ಅತಿ ಚಿಕ್ಕ ಸೀಸೆ 100 ಕೋಳಿಗೆ ಆಗುವಷ್ಟಿತ್ತು. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ನನ್ನ ಹತ್ತಿರ ಇದ್ದದ್ದು 6 ಮರಿ. ಉಳಿದ 94 ಹನಿ ಚೆಲ್ಲಬೇಕಾ?

ಚೆಲ್ಲುವುದಕ್ಕಿಂತ ಕೇಳುವುದು ವಾಸಿ ಅಂತ ಕೇರಿಯ 14 ಮನೆಗೂ ಹೋದೆ. ನಮ್ಮ ಹಿತ್ತಲಲ್ಲಿ ಗುಂಡಿ ತೋಡಿದ್ದು ಎಲ್ಲರಿಗೂ ಗೊತ್ತಿತ್ತು, ಎರಡು ಮನೆಗಳಿಗೆ ರೋಗ ದಾಟಿಯೂ ಇತ್ತು. ಅವರಲ್ಲೊಬ್ಬರು ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗೇ ಇತ್ತು. ಉಳಿದವರು ಒಪ್ಪಿದರು. ಬಿಟ್ಟು ಸಾಕಿದ ಕೋಳಿಯನ್ನು ಹಗಲು ಹಿಡಿಯಲು ಹೋದರೆ ನೀವು ಬೀಳುತ್ತೀರಿ, ಕೋಳಿ ಸಿಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ಗೂಡಿನಲ್ಲಿ ಹಿಡಿಯಬೇಕು. ಭಾನುವಾರ ಆರೂವರೆಗೆ ಶುರುಮಾಡಿದೆವು. ಪಶು ಆಸ್ಪತ್ರೆಯ ಸಿಬ್ಬಂದಿ ಒಬ್ಬರು ಬಂದು ಹೇಗೆ ಹಾಕಬೇಕು ಅಂತ ತೋರಿಸಿದರು. ಶಾಲೆ ಮಕ್ಕಳು ಟಾರ್ಚ್ ಹಿಡಿದರು. ಎಂಟೂಕಾಲಿನೊಳಗೆ 86 ಕೋಳಿ.

ಆ ಸಂಜೆ ಮನೆಮನೆ ಗೂಡಿಗೆ ಕೈ ಹಾಕಿದಾಗ ಇನ್ನೊಂದು ಲೆಕ್ಕವೂ ಸಿಕ್ಕಿತು. ಕೇರಿಯಲ್ಲಿ ಒಟ್ಟು 11 ಹುಂಜ. ಅದರಲ್ಲಿ 9 ದಪ್ಪ ಮೈಯ ಬೆರಕೆ. ನಮ್ಮ ಕೋಳಿಯ ಹೋಲಿಕೆಯವು ಎರಡೇ, ಅವೂ ಮುದಿ. ಆವತ್ತು ರಾತ್ರಿ ಹೊಳೆಯಿತು. ಬಲೆ ಕಟ್ಟಬೇಕಾದ್ದು ನನ್ನ ಹೇಂಟೆಗಳಿಗಲ್ಲ. ಬದಲಾಗಬೇಕಾದ್ದು ಕೇರಿಯ ಹುಂಜಗಳು. ಹೇಂಟೆ ಯಾರ ಮನೆಯದ್ದು ಯಾವ ತಳಿಯದ್ದಾದರೂ ಇರಲಿ, ಸುತ್ತಲಿನ ಹುಂಜಗಳು ಘಾಗಸ್ ಆದರೆ ನನ್ನ ಹೇಂಟೆಗಳು ಎಲ್ಲಿ ಬೇಕಾದರೂ ಕೆದಕಬಹುದು.

ಪಕ್ಕದ ಮನೆಯ ಅಕ್ಕನಿಗೆ ಹೇಳಿದೆ. ಅವರು ಮುಲಾಜಿಲ್ಲದೆ ಕೇಳಿದರು: "ನಂಗೆ ಮೊಟ್ಟೆ ಬೇಕು ಕಣಮ್ಮಾ. ನಿನ್ನ ತಳಿ ಕಟ್ಕೊಂಡು ನಾನೇನ್ ಮಾಡ್ಲಿ?"

"ನಿಮ್ಮ ಯಾಟೆ ಹಾಗೇ ಇರಲಿ ಅಕ್ಕ. ಹುಂಜ ಮಾತ್ರ ನಂದು ಇಟ್ಕೊಳ್ಳಿ. ಮರಿ ಬೇಕಾದಾಗ ನನ್ನ ಕೋಳೀನ ಕಾವಿಗೆ ಕೂರಿಸಿ ಕೊಡ್ತೀನಿ, ದುಡ್ಡು ಬೇಡ."

ಯೋಚಿಸುತ್ತೀನಿ ಅಂದರು. ಒಂದು ವರ್ಷ ಯೋಚಿಸಿದರು.

ತಾಯಿ ಕಲಿಸುವ ಪಾಠ

ಆ ವರ್ಷ ನಾನು ಮಾಡಿದ್ದು ನೋಡುವ ಕೆಲಸ. ಬಿಟ್ಟು ಸಾಕುವುದು ಅಂದರೆ ಬಾಗಿಲು ತೆಗೆದು ಮರೆತುಬಿಡುವುದಲ್ಲ ಅಂತ ತಿಳಿದದ್ದು ಆಗ. ಬೆಳಿಗ್ಗೆ ಒಂಬತ್ತೂವರೆ, ಹತ್ತರವರೆಗೆ ಬಿಡಬಾರದು, ಹೆಚ್ಚಿನವು ಅಷ್ಟರೊಳಗೆ ಗೂಡಿನಲ್ಲೇ ಮೊಟ್ಟೆ ಇಡುತ್ತವೆ. ಮೊದಲೇ ಬಿಟ್ಟರೆ ಬೇಲಿಯಲ್ಲಿ ಇಟ್ಟುಬರುತ್ತವೆ, ಅದು ಮುಂಗುಸಿ ಪಾಲು. ನನ್ನ ಸ್ಟ್ಯಾಂಡ್-ಅಪ್ ಕಾಲ್ ಮುಗಿಯುವುದೂ ಹತ್ತಕ್ಕೆ, ಹೊಂದಿಕೆಯಾಯಿತು. ಸಂಜೆ ಒಂದು ಹಿಡಿ ರಾಗಿ ಮಾತ್ರ, ಗೂಡಿನ ಮುಂದೆ, ಒಂದೇ ರೀತಿಯ ಕೂಗು ಹಾಕಿ. ಹೊಟ್ಟೆ ತುಂಬ ಹಾಕಿದರೆ ಮರುದಿನ ತಿರುಗುವುದಿಲ್ಲ. ಒಲೆ ಬೂದಿಯನ್ನು ಮಣ್ಣಿನ ಜೊತೆ ಬೆರೆಸಿ ಮರದ ಬುಡದಲ್ಲಿ ಗುಡ್ಡೆ ಹಾಕಿದರೆ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಮರಿಗಳಿಗೆ ಗೆದ್ದಲು. ಇದು ಅಜ್ಜಿಯ ವಿದ್ಯೆ. ಹಳೆ ಮಡಕೆಯಲ್ಲಿ ಒದ್ದೆ ಸಗಣಿ, ಹರಕು ಗೋಣಿಚೀಲ, ಒಣ ಕಡ್ಡಿ ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆಗೆ ಒಳಗೆಲ್ಲ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಎರಡು ನಿಮಿಷದಲ್ಲಿ ಖಾಲಿ. ಇದಕ್ಕಿಂತ ಅಗ್ಗದ ಪ್ರೋಟೀನ್ ಎಲ್ಲಿದೆ ಹೇಳಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂದು ಹೇಂಟೆ. ಆಕಾಶದಲ್ಲಿ ಗಿಡುಗದ ನೆರಳು ಸರಿದರೆ ಸಾಕು, ಅದು ಗಂಟಲಲ್ಲೇ ಕ್ರ್‌ರ್‌ರ್ ಅಂತ ಒಂದು ಉದ್ದ ಸದ್ದು ಮಾಡುತ್ತದೆ. ಆರು ಮರಿಗಳೂ ಲಂಟಾನದ ಅಡಿ ಸೇರಿ ಕಲ್ಲಾಗುತ್ತವೆ. ನಾಯಿ ಬಂದರೆ ಬೇರೆ ಸದ್ದು, ಆಗ ಮರಿಗಳು ಕಲ್ಲಾಗುವುದಿಲ್ಲ, ಓಡುತ್ತವೆ. ತಿನ್ನಲು ಸಿಕ್ಕಿದರೆ ಟುಕ್ ಟುಕ್. ಇದೆಲ್ಲ ಮರಿಗಳಿಗೆ ಯಾರು ಹೇಳಿಕೊಡುತ್ತಾರೆ? ನಾನು ತರಿಸಿದ್ದ 10 ಮರಿಗಳು ಯಂತ್ರದಲ್ಲಿ ಒಡೆದು ಬಂದವು, ತಾಯಿ ಕಂಡವಲ್ಲ. ರೋಗ ಬರುವ ಮೊದಲೇ ಅವುಗಳಲ್ಲಿ ಒಂದು ಹಗಲು ಹೊತ್ತಿನಲ್ಲಿ ನಾಯಿಯ ಮುಂದೆ ಸುಮ್ಮನೆ ನಿಂತಿದ್ದನ್ನು ನೋಡಿದ್ದೆ, ಮಾವ ಕಲ್ಲು ಬೀಸಿ ಉಳಿಸಿದರು. ಪಟ್ಟಿಯಲ್ಲಿ ಬರೆದ ಬಣ್ಣ, ಜುಟ್ಟು, ಗಂಟಲು ಮೊಟ್ಟೆಯೊಳಗೇ ಬರುತ್ತವೆ. ಈ ಸದ್ದುಗಳ ಅರ್ಥ ತಾಯಿಯ ಹಿಂದೆ ಎಂಟು ವಾರ ತಿರುಗಿದರೆ ಮಾತ್ರ ಬರುತ್ತದೆ.

ಆದರೂ ಆರರಲ್ಲಿ ಒಂದನ್ನು ಗಿಡುಗ ಒಯ್ದಿತು. ಐದು ಉಳಿದವು. ಮೂರು ಹೇಂಟೆ, ಎರಡು ಹುಂಜ. ಒಂದು ಹುಂಜದ ಬಾಲದಲ್ಲಿ ಬಿಳಿ ಗರಿ, ಅದು ಯಾರ ಮಗ ಅಂತ ಹೇಳಬೇಕಾಗಿಲ್ಲ. ಇನ್ನೊಂದಕ್ಕೆ ಆರನೇ ತಿಂಗಳಲ್ಲಿ ಕತ್ತು ಹೊನ್ನಾಯಿತು.

ಅದು ದೊಡ್ಡದಾದ ಮೇಲೆ ಗಡಿಯಾಚೆಯಿಂದ ಬೈಕಿನಲ್ಲಿ ಒಬ್ಬರು ಬಂದು, ಕಾಲು ಮುಟ್ಟಿ ನೋಡಿ, ಐದು ಸಾವಿರ ಕೊಡುತ್ತೀನಿ ಅಂದರು. ಪಂದ್ಯಕ್ಕೆ. ಕೋಳಿ ಪಂದ್ಯ ಕಾನೂನು ಪ್ರಕಾರ ಅಪರಾಧ, ಆದರೂ ಸಂಕ್ರಾಂತಿ ಹತ್ತಿರ ಬಂದರೆ ಇಂಥವರು ಬರುತ್ತಾರೆ. ಮಾವ ನನ್ನ ಮುಖ ನೋಡಿದರು. ಅಜ್ಜಿ ಒಳಗಿನಿಂದಲೇ ತೆಲುಗಿನಲ್ಲಿ ಏನೋ ಅಂದರು, ಅವರು ಬೈಕ್ ಹತ್ತಿದರು. ಏನಂದರು ಅಂತ ಇಲ್ಲಿ ಬರೆಯಲಾಗುವುದಿಲ್ಲ.

ದುಡ್ಡಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ಲಾಭ ಇಲ್ಲ. ಮೊಟ್ಟೆ 15 ರೂಪಾಯಿಗೆ ಆಫೀಸಿನ ಗೆಳತಿಯರು ತಗೊಳ್ಳುತ್ತಾರೆ, ಅದರಲ್ಲಿ ಲಸಿಕೆ ಮತ್ತು ರಾಗಿ ಖರ್ಚು ಕಳೆಯುತ್ತದೆ. ಬಲೆಯ 14 ಸಾವಿರ ಇನ್ನೂ ಹುಟ್ಟಿಲ್ಲ. ಕೆಲಸ ಬಿಟ್ಟು ಕೋಳಿ ಸಾಕಿ ಲಕ್ಷ ಗಳಿಸಿ ಅನ್ನುವ ವಿಡಿಯೋ ನೋಡಿ ಯಾರಾದರೂ ನನಗೆ ಮೆಸೇಜ್ ಮಾಡಿದರೆ, ಮೊದಲು ನಾಲ್ಕು ಹೇಂಟೆ ಒಂದು ವರ್ಷ ಸಾಕಿ ನೋಡಿ ಅಂತಲೇ ಹೇಳುತ್ತೇನೆ.

ಹೊಸತೊಡಕಿನ ಮರುದಿನ

ಈ ವರ್ಷದ ಯುಗಾದಿಗೆ ದಾರಿ ತಾನಾಗೇ ತೆರೆಯಿತು. ನಮ್ಮ ಕಡೆ ಹಬ್ಬದ ಮರುದಿನ ಹೊಸತೊಡಕು, ಮನೆಮನೆಯಲ್ಲೂ ಬಾಡೂಟ. ಕೇರಿಯ ದಪ್ಪ ಹುಂಜಗಳಲ್ಲಿ ಏಳು ಆವತ್ತೇ ಸಾರಾದವು, ನಮ್ಮ ಬಿಳಿ ಬಾಲದ್ದೂ ಸೇರಿ. ಮರುದಿನ ಬೆಳಿಗ್ಗೆ ಪಕ್ಕದ ಮನೆ ಅಕ್ಕ ಬೇಲಿ ಹತ್ತಿರ ಬಂದು, "ಹುಂಜ ಕೊಡ್ತೀನಿ ಅಂದಿದ್ಯಲ್ಲ?" ಅಂದರು. ಅಷ್ಟೊತ್ತಿಗೆ ಮೂರು ಹೇಂಟೆಗಳೂ ಮರಿ ಮಾಡಿದ್ದವು. ಬೆಳೆದ ಹುಂಜದ ಮರಿಗಳಲ್ಲಿ ಲಕ್ಷಣ ಚೆನ್ನಾಗಿದ್ದ ನಾಲ್ಕನ್ನು ಆರಿಸಿ ನಾಲ್ಕು ಮನೆಗೆ ಕೊಟ್ಟೆ. ಹಳೆ ಹುಂಜ ಹೋದ ಮೇಲೂ ಹೇಂಟೆಯ ಮೈಯಲ್ಲಿ ಅದರ ಬೀಜ ಎರಡು ಮೂರು ವಾರ ಉಳಿಯುತ್ತದೆ. ಹಾಗಾಗಿ ಒಂದು ತಿಂಗಳ ಮೊಟ್ಟೆಯನ್ನು ಕಾವಿಗೆ ಇಡಲಿಲ್ಲ, ತಿಂದು ಮುಗಿಸಿದೆವು.

ಉಳಿದ ತೊಂದರೆ ಇನ್ನೊಂದಿತ್ತು. ಈ ಹುಂಜಗಳೂ ನನ್ನ ಹೇಂಟೆಗಳೂ ಒಂದೇ ಬುಟ್ಟಿಯಿಂದ ಬಂದ ಅಣ್ಣ, ತಂಗಿ, ಮಕ್ಕಳು. ಹೀಗೇ ಬಿಟ್ಟರೆ ನಾಲ್ಕಾರು ತಲೆಮಾರಿನಲ್ಲಿ ಮರಿ ಕಮ್ಮಿ, ಕಸುವು ಕಮ್ಮಿ. ಹೊರಗಿನ ಹುಂಜ ಬೇಕು, ಆದರೆ ಅದೇ ತಳಿಯದ್ದು. ಆನ್‌ಲೈನ್ ಅಂತೂ ಕೈಮುಗಿದಾಗಿತ್ತು. ಒಂದು ಸಂಜೆ ಇದನ್ನೇ ಅಜ್ಜಿ ಹತ್ತಿರ ಗೊಣಗಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಿಮ್ಮ ಚಿಕ್ಕಜ್ಜಿ ಮದುವೆ ಆಗಿ ಹೋಗೋವಾಗ ತವರಿಂದ ಎರಡು ಯಾಟೆ ಒಂದು ಹುಂಜ ತಗೊಂಡೋದ್ಲಲ್ಲ, ಅವು ಇನ್ನೂ ಅವೇನೋ ಕೇಳು" ಅಂದರು. ಎರಡು ವರ್ಷದಿಂದ ಯಾಕೆ ಹೇಳಲಿಲ್ಲ ಅಂದರೆ, "ನೀನೆಲ್ಲಿ ಕೇಳಿದೆ? ಫೋನ್ ಕೇಳ್ತಿದ್ದೆ."

ಚಿಕ್ಕಜ್ಜಿ ಇರುವುದು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪಿನ ನಡುವೆ ಒಂಟಿ ಮನೆ. ಸುತ್ತ ಬೇರೆ ಮನೆಯಿಲ್ಲ, ಬೇರೆ ಹುಂಜವೂ ಇಲ್ಲ. ಹೋಗಿ ನೋಡಿದರೆ ಮರದಡಿ ಇಪ್ಪತ್ತಕ್ಕೂ ಹೆಚ್ಚು ಕೋಳಿ, ಒಂದರಲ್ಲೂ ಬಿಳಿ ಗರಿ ಕಾಣಲಿಲ್ಲ. ಒಂದು ಹುಂಜವನ್ನು ಕೇಳಿದೆ. ಕೊಡುವ ಮೊದಲು ಚಿಕ್ಕಜ್ಜಿ ನನ್ನನ್ನು ಅರ್ಧ ಗಂಟೆ ಪರೀಕ್ಷೆ ಮಾಡಿದರು. ಅಕ್ಕ ಹೇಗಿದಾಳೆ, ನಡೀತಾಳಾ, ಗೂಡಿಗೆ ಬಾಗಿಲು ಗಟ್ಟಿ ಐತಾ.

ಹೊಲಿಗೆ ಹಾಕಿದ ಚೀಲದಿಂದ ತಲೆ ಮಾತ್ರ ಹೊರಗೆ ಬಿಟ್ಟು ಮುಳಬಾಗಿಲಿನ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಟಿಕೆಟ್ ಹರಿದು, ಚೀಲ ನೋಡಿ, ಅದಕ್ಕೂ ಅರ್ಧ ಟಿಕೆಟ್ ಹರಿದರು. ವಾದ ಮಾಡಲಿಲ್ಲ. ಅರ್ಧ ದಾರಿಯಲ್ಲಿ ಹುಂಜ ಕೂಗಿತು. ಇಡೀ ಬಸ್ಸು ತಿರುಗಿ ನೋಡಿತು, ಹಿಂದಿನ ಸೀಟಿನ ತಾತ ಯಾವ ಊರಿಂದು ಅಂತ ಕೇಳಿದರು.

ಮನೆಗೆ ಬಂದು ಹಳೆ ಅಡುಗೆಮನೆಯಲ್ಲಿ ಬುಟ್ಟಿ ಕವುಚಿ ಒಳಗೆ ಬಿಟ್ಟೆ. ಮೂರು ವಾರ ಅಲ್ಲೇ, ಯಾರ ಹತ್ತಿರವೂ ಬಿಡುವುದಿಲ್ಲ. ಅಜ್ಜಿ ಈಗ ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಬುಟ್ಟಿಯ ಸಂದಿನಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು. ಗಂಟಲು ನೋಡಿದರು, ಕಾಲು ನೋಡಿದರು.

"ನಮ್ಮಮ್ಮನ ಮನೇದೇ" ಅಂದರು. "ಟಿಕೆಟ್ ಎಷ್ಟಾಯ್ತು?"